ಪುಟ್ಟಾ, ನಿನ್ನ ಮಿಯಾಟಾದ ಬುಷ್ ಬಗ್ಗೆ

ಪುಟ್ಟಾ, ನಿನ್ನೆ ರಾತ್ರಿ ಹಾಕಿದ ಫೋಟೋಗಳನ್ನು ಈಗ ತಾನೇ ನೋಡಿದೆ. 1994ರ ಮಿಯಾಟಾ, ಮಜ್ದಾ ಕಂಪನಿಯ ಆ ಎರಡು ಸೀಟಿನ ಪುಟ್ಟ ಕಾರು, ಗುಂಡಿ ಬಂದರೆ ಹಿಂದಿನಿಂದ ಟಕ್ ಅನ್ನುತ್ತೆ, ಹೈವೇಯಲ್ಲಿ ಸ್ಟೀರಿಂಗ್ ಸಡಿಲ ಅನ್ನಿಸುತ್ತೆ ಅಂತ ಬರೆದಿದ್ದೀಯ. ನಿನ್ನ ಸ್ನೇಹಿತ ಪೂರ್ತಿ ಪಾಲಿಯೂರಿಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಬುಷ್ ಸೆಟ್ ಹಾಕು ಎನ್ನುತ್ತಾನೆ. ಗ್ಯಾರೇಜಿನವರು ಕಂಪನಿ ರಬ್ಬರೇ ಸಾಕು ಎನ್ನುತ್ತಾರೆ. ನೀನು ಯಾವುದು ತಗೊಳ್ಳಲಿ ಎಂದು ಕೇಳಿದ್ದೀಯ. ನಾನು ರಬ್ಬರಿನ ಕಡೆಗೇ. ಇಲ್ಲಿ ಮಿಶಿಗನ್‌ನಲ್ಲಿ ನನ್ನ 1991ರ ಗಾಡಿಗೆ ಈ ಕೆಲಸವನ್ನು ನಾನೇ ಎರಡು ಸಲ ಮಾಡಿದ್ದೇನೆ. ಎರಡನೇ ಸಲ ಯಾಕೆ ಮಾಡಬೇಕಾಯಿತು ಅನ್ನುವುದನ್ನು ನೀನು ಕೇಳಲೇಬೇಕು, ಅದಕ್ಕೇ ಇಷ್ಟು ಉದ್ದ.

ಮಧ್ಯದಲ್ಲಿ ಅಣ್ಣ ಹಾಸನದಿಂದ ಕೇಳಿದ್ದಾನೆ, ಬುಷ್ ಅಂದರೆ ಏನು ಅಂತ. ಅಣ್ಣಾ, ಚಕ್ರವನ್ನು ಗಾಡಿಯ ಮೈಗೆ ಹಿಡಿದಿಟ್ಟಿರುವುದು ಕಬ್ಬಿಣದ ತೋಳುಗಳು. ಈ ಕಾರಿನಲ್ಲಿ ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು, ಒಟ್ಟು ಎಂಟು. ಚಕ್ರ ಮೇಲೆ ಕೆಳಗೆ ಹೋದಾಗ ತೋಳು ಬಾಗಿಲಿನ ಕೀಲಿನ ಹಾಗೆ ತಿರುಗಬೇಕು. ಆ ಕೀಲಿನಲ್ಲಿ ಕೂತಿರುವ ರಬ್ಬರ್ ತುಂಡೇ ಬುಷ್. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಅಷ್ಟೇ.

ಪುಟ್ಟಾ, ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡು. ಫೋಟೋದಲ್ಲಿ ಕಾಣುವ ಬಿರುಕು ಮೇಲ್ಮೈಯದ್ದು. ಮೂವತ್ತು ವರ್ಷದ ರಬ್ಬರಿನಲ್ಲಿ ಅದು ಇದ್ದೇ ಇರುತ್ತದೆ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದೆಯಾ ಅನ್ನುವುದು ನೋಡಬೇಕಾದ್ದು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಉದ್ದನೆಯ ಸಬ್ಬಲ್ ಥರದ ರಾಡ್ ಹಾಕಿ ತೋಳನ್ನು ಮೀಟು. ಸ್ವಲ್ಪ ಅಲುಗಿ ವಾಪಸ್ ಬಂದರೆ ಜೀವ ಇದೆ. ಕಡಕ್ ಅಂತ ಜಾರಿದರೆ ಮುಗಿದಿದೆ. ಹಿಂದಿನ ಟಕ್ ಸದ್ದಿಗೆ ಶಾಕ್ ಅಬ್ಸಾರ್ಬರ್ ಕಾರಣ ಇರಬಹುದು, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿ ಅಂದರೆ ಆಂಟಿ ರೋಲ್ ಬಾರ್‌ನ ಲಿಂಕ್ ಇರಬಹುದು. ಶಾಕ್ ರಾಡಿನ ಮೇಲೆ ಕೂತು ಜೋರು ಹೊಡೆತ ತಡೆಯುವ ಮೆತ್ತೆ, ಬಂಪ್ ಸ್ಟಾಪ್, ಈ ವಯಸ್ಸಿನ ಮಿಯಾಟಾಗಳಲ್ಲಿ ಪುಡಿಪುಡಿಯಾಗಿ ಉದುರಿಹೋಗಿರುತ್ತದೆ. ಅದನ್ನು ಬಿಟ್ಟು ಬುಷ್ ಮಾತ್ರ ಬದಲಾಯಿಸಿದರೆ ಸದ್ದು ಹಾಗೇ ಉಳಿಯುತ್ತದೆ.

ಈಗ ರಬ್ಬರೋ ಪಾಲಿಯೋ. ಅಂಟಿಸಿದ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಹವಾಯಿ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಹೇಗೆ ವಾಪಸ್ ಬರುತ್ತದೆ, ಹಾಗೆ. ಪಾಲಿಯೂರಿಥೇನ್ ಅಂಟಿಸಿದ್ದಲ್ಲ. ಒಳಗಿನ ಕೊಳವೆಯ ಮೇಲೆ ಜಾರುತ್ತಾ ತಿರುಗುತ್ತದೆ. ಅದಕ್ಕೇ ಅದಕ್ಕೆ ಗ್ರೀಸ್ ಬೇಕು, ಗ್ರೀಸ್ ಒಣಗಿದರೆ ನಮ್ಮ ಊರಿನ ಬಾವಿಯ ರಾಟೆಯ ಹಾಗೆ ಕಿರ್ ಅನ್ನುತ್ತದೆ. ಸೆಟ್ ಜೊತೆ ಬರುವ ಗ್ರೀಸನ್ನೇ ಧಾರಾಳವಾಗಿ ಹಚ್ಚಬೇಕು, ಮನೆಯಲ್ಲಿದ್ದ ಯಾವುದೋ ಡಬ್ಬದ್ದಲ್ಲ.

ಪಾಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಿಯಾಟಾದ ಮೇಲೊಂದು ಕೆಳಗೊಂದು ಇರುವ ಡಬಲ್ ವಿಶ್‌ಬೋನ್ ತೋಳುಗಳು ಹೆಚ್ಚುಕಡಿಮೆ ಒಂದೇ ಅಕ್ಷದ ಮೇಲೆ ತಿರುಗುತ್ತವೆ, ಹಾಗಾಗಿ ಈ ಕಾರಿಗೆ ಅದು ಒಗ್ಗುತ್ತದೆ. ಭಾವನ ಹಳೆಯ ಬಿಎಂಡಬ್ಲ್ಯೂ ಇ36ರ ಕಥೆ ಬೇರೆ. ಅದರಲ್ಲಿ ಹಿಂದಿನ ಚಕ್ರದಿಂದ ಮುಂದಕ್ಕೆ ಚಾಚಿದ ತೋಳಿನ, ಅಂದರೆ ಟ್ರೇಲಿಂಗ್ ಆರ್ಮಿನ, ಬುಷ್ ಎಲ್ಲ ದಿಕ್ಕಿಗೂ ಬಾಗಬೇಕು, ಅಲ್ಲಿ ಗಟ್ಟಿ ಪಾಲಿ ಹಾಕಿದರೆ ತೋಳು ಬಿಗಿದುಕೊಳ್ಳುತ್ತದೆ. ಪಾಲಿ ಕೈಯಲ್ಲೇ ಒತ್ತಿ ಕೂರಿಸಬಹುದು, ಬುಷ್ ಒತ್ತುವ ಯಂತ್ರ, ಪ್ರೆಸ್, ಬೇಡ. ಅದೂ ಒಂದು ಅನುಕೂಲ.

ಆದರೆ ಗಟ್ಟಿತನ ನೋಡಿ ತಗೊಳ್ಳಬೇಕು. ಅದನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. ಪವರ್‌ಫ್ಲೆಕ್ಸ್‌ನಲ್ಲಿ (ಪಾಲಿ ಬುಷ್ ಮಾಡುವ ಕಂಪನಿ) ನೇರಳೆ ಬಣ್ಣದ್ದು 80, ರಸ್ತೆಗೆ. ಕಪ್ಪು 95, ರೇಸಿಗೆ. ಎಲ್ಲ ಕಂಪನಿಯಲ್ಲೂ ಬಣ್ಣಕ್ಕೆ ಇದೇ ಅರ್ಥ ಇರುವುದಿಲ್ಲ, ಅಂಕಿ ಕೇಳಿ ತಗೋ. ಡೆಲ್ರಿನ್ ಅಂತೂ ಬೇಡ. ಅದು ಗಟ್ಟಿ ಪ್ಲಾಸ್ಟಿಕ್, ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವರಿಗೆ. ನೀನು ದಿನಾ ಆಫೀಸಿಗೆ ಓಡಿಸುವ ಗಾಡಿ ಇದು. ಡೆಲ್ರಿನ್ ಹಾಕಿದರೆ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಾಗುತ್ತದೆ.

ನಾನು ರಬ್ಬರ್ ಅನ್ನುವುದಕ್ಕೆ ಕಾರಣ ಇದೆ. ಈ ಕಾರನ್ನು ರೂಪಿಸಿದ ತಂಡದ ಮುಖ್ಯಸ್ಥ ತೋಶಿಹಿಕೊ ಹಿರಾಯ್. ಕುದುರೆ ಮತ್ತು ಸವಾರ ಒಂದೇ ಮೈ ಆಗಿರಬೇಕು, ಜಿನ್ಬಾ ಇತ್ತಾಯ್, ಅನ್ನುವುದು ಅವರ ಗುರಿಯಾಗಿತ್ತು. ಗಾಡಿ ಸುಮಾರು ಒಂದು ಟನ್ ಅಷ್ಟೇ. ಅಷ್ಟು ಹಗುರ ಕಾರು ಗುಂಡಿ ದಾಟುವಾಗ ಹಾರದೆ ರಸ್ತೆಗೆ ಅಂಟಿಕೊಂಡು ಹೋಗುವುದರಲ್ಲಿ ಆ ಮೆತ್ತನೆಯ ರಬ್ಬರಿನ ಪಾಲೂ ಇದೆ. ನೀನು ಓಡಿಸಿರುವುದು ಮೂವತ್ತು ವರ್ಷ ಸವೆದ ರಬ್ಬರನ್ನು ಮಾತ್ರ. ಹೊಸ ರಬ್ಬರ್ ಹೇಗಿರುತ್ತದೆ ಅಂತ ನಿನಗೆ ಗೊತ್ತೇ ಇಲ್ಲ, ಅಲ್ವಾ? ನನಗೂ ಗೊತ್ತಿರಲಿಲ್ಲ. ಹಾಕಿದ ಮೇಲೆ ಮೊದಲ ತಿರುವಿನಲ್ಲೇ ಸ್ಟೀರಿಂಗ್ ಕೈಗೆ ಉತ್ತರ ಕೊಟ್ಟಿತು. ಆ ಸಂಜೆ ಸುಮ್ನೆ ಊರೆಲ್ಲ ಸುತ್ತಿದೆ.

ಸರಿ, ಮೊದಲನೇ ಸಲ ಆದದ್ದು. ಗಾಡಿ ಸ್ಟ್ಯಾಂಡ್ ಮೇಲಿತ್ತು, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಹೊಸ ಬುಷ್ ಕೂರಿಸಿ, ಹಾಗೆಯೇ ಎಲ್ಲ ಬೋಲ್ಟ್ ಬಿಗಿ ಮಾಡಿಬಿಟ್ಟೆ. ಬೋಲ್ಟ್ ಬಿಗಿಯಾದ ಕೂಡಲೇ ಒಳಗಿನ ಕೊಳವೆ ಆ ಜಾಗದಲ್ಲೇ ಸಿಕ್ಕಿಬೀಳುತ್ತದೆ. ಗಾಡಿ ಕೆಳಗಿಳಿಸಿದಾಗ ತೋಳು ಮೇಲೆ ಬಂತು, ರಬ್ಬರ್ ತಿರುಚಿಕೊಂಡಿತು. ನಿಂತಲ್ಲೂ ತಿರುಚಿಯೇ ಇತ್ತು, ಹಗಲೂ ರಾತ್ರಿ. ಗಾಡಿ ಸ್ವಲ್ಪ ಎತ್ತರವಾಗಿ, ಬಿರುಸಾಗಿ ಓಡುತ್ತಿತ್ತು. ಎರಡು ಬೇಸಿಗೆಯೊಳಗೆ ಹೊಸ ರಬ್ಬರೇ ಹರಿದುಹೋಯಿತು. ಬೇಜಾರಾಗಿ ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟಿದ್ದೆ. ರಬ್ಬರ್ ಕೆಟ್ಟದ್ದು ಎನ್ನುವವರಲ್ಲಿ ಎಷ್ಟೋ ಜನ ಇದೇ ತಪ್ಪು ಮಾಡಿರುತ್ತಾರೆ ಅಂತ ನನ್ನ ನಂಬಿಕೆ.

ಹಾಗಾಗಿ ಬಿಚ್ಚುವ ಮುಂಚೆ, ಗಾಡಿ ನೆಲದ ಮೇಲಿರುವಾಗಲೇ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡು. ಜೋಡಿಸುವಾಗ ಬೋಲ್ಟ್‌ಗಳನ್ನು ಸಡಿಲವಾಗಿ ಹಾಕು. ಆಮೇಲೆ ಚಕ್ರದ ಮೇಲೆ ಭಾರ ಬೀಳುವ ಹಾಗೆ ಗಾಡಿಯನ್ನು ರ‍್ಯಾಂಪ್ ಮೇಲೆ ನಿಲ್ಲಿಸಿ, ಹಿಂದೆ ಮುಂದೆ ತಳ್ಳಿ, ಮೂಲೆಗಳನ್ನು ಒತ್ತಿ ಕುಲುಕಿಸಿ, ಆ ಅಳತೆ ಬಂದಾಗ ಬಿಗಿ ಮಾಡು. ಗ್ಯಾರೇಜಿನವರು ಮಾಡಿದರೂ ನೀನು ಎದುರಿಗೆ ನಿಂತು ಇದೊಂದನ್ನು ಕೇಳು. ಪಾಲಿಗೆ ಈ ತೊಂದರೆ ಇಲ್ಲ, ಅದು ಜಾರುತ್ತದೆ. ಅದನ್ನು ಒಪ್ಪಿಕೊಳ್ಳಲೇಬೇಕು.

ಇನ್ನೊಂದು. ಕೆಳಗಿನ ತೋಳುಗಳ ಒಳಗಿನ ಬೋಲ್ಟ್‌ಗಳು ಮಾಮೂಲಿ ಬೋಲ್ಟ್ ಅಲ್ಲ. ಅವುಗಳಲ್ಲಿ ಕ್ಯಾಮ್, ಅಂದರೆ ತಿರುಗಿಸಿದರೆ ತೋಳನ್ನು ಸರಿಸುವ ಓರೆ ಬಿಲ್ಲೆ, ಇದೆ; ಚಕ್ರದ ಕೋನ ಅಂದರೆ ಅಲೈನ್‌ಮೆಂಟ್ ಹೊಂದಿಸುವುದು ಅದರಿಂದಲೇ. ಬಿಚ್ಚುವ ಮುಂಚೆ ಬಿಳಿ ಪೇಂಟ್‌ನಿಂದ ಗುರುತು ಹಾಕು. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ನನ್ನ ಗಾಡಿಯಲ್ಲಿ ಈ ಬೋಲ್ಟ್‌ಗಳು ಕೊಳವೆಗೆ ತುಕ್ಕು ಹಿಡಿದು ಅಂಟಿ, ಎರಡನ್ನು ಗರಗಸದಲ್ಲಿ ಕೊಯ್ಯಬೇಕಾಯಿತು. ನಿನ್ನದು ಸ್ಯಾಕ್ರಮೆಂಟೋ ಗಾಡಿ, ಅಷ್ಟು ಕಷ್ಟ ಆಗಲಿಕ್ಕಿಲ್ಲ. ಆದರೂ ಒಂದು ವಾರ ಮುಂಚಿನಿಂದ ದಿನಾ ಎಣ್ಣೆ ಬಿಡು, ಹಿಂದಿನ ಕೆಳ ತೋಳಿನ ಹೊರಗಿನ ಉದ್ದ ಬೋಲ್ಟಿಗೆ ಇನ್ನೂ ಜಾಸ್ತಿ. ಹಳೆ ರಬ್ಬರನ್ನು ಬೆಂಕಿ ಹಚ್ಚಿ ಸುಟ್ಟು ತೆಗೆಯುವ ವಿಡಿಯೋ ನೋಡಿ ಹಾಗೆ ಮಾಡಬೇಡ, ಆ ಹೊಗೆ ವಿಷ. ಪ್ರೆಸ್ ಬಾಡಿಗೆಗೆ ತಗೋ. ಒತ್ತುವಾಗ ತೋಳಿನ ಕಿವಿಗಳ (ಬುಷ್ ಕೂರುವ ಬಳೆಗಳ) ನಡುವೆ ಆಸರೆ ಕೊಡು, ಇಲ್ಲದಿದ್ದರೆ ಕಿವಿ ಸೊಟ್ಟಗಾಗುತ್ತದೆ. ಎಲ್ಲ ಮುಗಿದ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಲೇಬೇಕು.

ಪಾಲಿ ಆಸೆ ಬಿಡಲಾಗದಿದ್ದರೆ ಆಂಟಿ ರೋಲ್ ಬಾರ್‌ನ ಬುಷ್‌ಗಳಿಗೆ ಹಾಕು. ಖರ್ಚು ಕಡಿಮೆ, ತಿರುವಿನಲ್ಲಿ ವ್ಯತ್ಯಾಸವೂ ಗೊತ್ತಾಗುತ್ತದೆ. ತೋಳುಗಳಿಗೆ ಕಂಪನಿ ರಬ್ಬರೇ ಇರಲಿ. ಮುಂದೆ ಟ್ರ್ಯಾಕಿಗೆ ಹೋಗುವ ಹುಚ್ಚು ಹತ್ತಿದರೆ ಆಗ ಮತ್ತೆ ಮಾತಾಡೋಣ.

ಶನಿವಾರ ರಾಡ್ ಹಾಕಿ ಮೀಟುವಾಗ ವಿಡಿಯೋ ಕಾಲ್ ಮಾಡು, ಒಂದೊಂದೇ ತೋಳು ಒಟ್ಟಿಗೆ ನೋಡೋಣ. ಅಲ್ಲಿವರೆಗೆ ಏನನ್ನೂ ಆರ್ಡರ್ ಮಾಡಬೇಡ.