1:100 ಅಳತೆಯ ಟಿ-34 ಟ್ಯಾಂಕುಗಳು: ಟ್ರ್ಯಾಕ್ ಕಳಚುತ್ತಿದೆ, ಒಂದು ಟ್ಯಾಂಕ್ ಅಲುಗಾಡುತ್ತಿದೆ

ಪ್ರಶ್ನೆ

ನಮಸ್ಕಾರ. ಮೇಜಿನ ಮೇಲಿನ ವಾರ್‌ಗೇಮ್ ಆಡಲೆಂದು 1:100 ಅಳತೆಯ, ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕಾದ ಟಿ-34ರ ಐದು ಪ್ಲಾಸ್ಟಿಕ್ ಕಿಟ್‌ಗಳನ್ನು ಜೋಡಿಸಿದ್ದೇನೆ. ನೋಡುವುದಕ್ಕೆ ಚೆನ್ನಾಗಿಯೇ ಇವೆ, ಆದರೆ ಎರಡು ಆಟ ಮುಗಿಯುವಷ್ಟರಲ್ಲಿ ಮೂರು ಟ್ಯಾಂಕುಗಳ ಟ್ರ್ಯಾಕ್ (ಗಾಲಿಗಳ ಸುತ್ತ ಬರುವ ಪಟ್ಟಿ) ಕಳಚಿ ಕೈಗೆ ಬಂತು. ಮೊದಲು ಅಂಟಿಸಿದ್ದು ಪ್ಲಾಸ್ಟಿಕ್ ಸಿಮೆಂಟಿನಿಂದ. ಕಳಚಿದ ಮೇಲೆ ಸೂಪರ್‌ಗ್ಲೂ ಹಾಕಿದೆ, ಅದೂ ನಿಲ್ಲಲಿಲ್ಲ. ನಾಲ್ಕನೆಯ ಟ್ಯಾಂಕಿನ ಟ್ರ್ಯಾಕ್ ಗಟ್ಟಿಯಾಗಿದೆ, ಆದರೆ ಮೇಜಿನ ಮೇಲಿಟ್ಟರೆ ಒಂದು ಮೂಲೆ ನೆಲ ಮುಟ್ಟುವುದಿಲ್ಲ. ಐದನೆಯದರ ತೋಪಿನ ನಳಿಗೆ ಬುಡದಲ್ಲೇ ಮುರಿದಿದೆ. ಅಂಟಿನ ಗುಣಮಟ್ಟವೇ ಸರಿಯಿಲ್ಲವೆಂದು ನನ್ನ ಅನುಮಾನ. ಬೇರೆ ಅಂಟು ಕೊಳ್ಳಬೇಕೇ?

ಮೊದಲ ಉತ್ತರ

ಅಂಟನ್ನು ಬದಲಿಸುವ ಮೊದಲು ದಯವಿಟ್ಟು ಎರಡು ವಿಷಯ ತಿಳಿಸಿ. ಟ್ರ್ಯಾಕ್‌ಗಳನ್ನು ಹಲ್‌ಗೆ (ಟ್ಯಾಂಕಿನ ಒಡಲಿಗೆ) ಕೂಡಿಸಿದ್ದು ಬಣ್ಣ ಹಚ್ಚುವ ಮೊದಲೋ, ಆಮೇಲೋ? ಕಳಚಿ ಬಂದ ಭಾಗದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದರೆ ಪ್ಲಾಸ್ಟಿಕ್ ಹರಿದಂತೆ ಒರಟಾಗಿದೆಯೋ, ನುಣುಪಾಗಿದೆಯೋ?

ಪ್ರಶ್ನೆ ಕೇಳಿದವರು

ಬಣ್ಣ ಹಚ್ಚಿದ ಮೇಲೆಯೇ ಕೂಡಿಸಿದೆ. ಪ್ರದರ್ಶನದ ಮಾದರಿಗಳನ್ನು ಮಾಡುವವರು ಟ್ರ್ಯಾಕ್, ಗಾಲಿಗಳಿಗೆ ಪ್ರತ್ಯೇಕವಾಗಿ ಬಣ್ಣ ಹಚ್ಚಿ ಕೊನೆಗೆ ಜೋಡಿಸುವುದನ್ನು ನೋಡಿ ಹಾಗೆ ಮಾಡಿದ್ದೆ. ಒಳಮೈ ನುಣುಪಾಗಿದೆ, ಅದರ ಮೇಲೆ ಹಲ್‌ನ ಹಸಿರು ಬಣ್ಣದ ತೆಳು ಪದರ ಎದ್ದು ಬಂದಿದೆ.

ಮೊದಲ ಉತ್ತರ ಕೊಟ್ಟವರು

ಹಾಗಾದರೆ ಅಂಟಿನದೇನೂ ತಪ್ಪಿಲ್ಲ. ಪ್ಲಾಸ್ಟಿಕ್ ಸಿಮೆಂಟ್ ಎಂಬುದು ಗೋಂದಿನಂತೆ ಎರಡು ವಸ್ತುಗಳ ನಡುವೆ ಕುಳಿತು ಹಿಡಿದುಕೊಳ್ಳುವ ಪದಾರ್ಥವಲ್ಲ, ಅದೊಂದು ದ್ರಾವಕ. ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಮೇಲೆ ಬಿದ್ದಾಗ ಎರಡೂ ಮೈಗಳನ್ನು ತುಸು ಕರಗಿಸುತ್ತದೆ, ಕರಗಿದ ಪದರಗಳು ಒಂದರೊಳಗೊಂದು ಬೆರೆಯುತ್ತವೆ, ದ್ರಾವಕ ಆವಿಯಾಗಿ ಹೋದ ಮೇಲೆ ಅಲ್ಲಿ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಕಮ್ಮಾರನ ಬೆಸುಗೆಗೆ ಇದು ಹತ್ತಿರ. ನಡುವೆ ಬಣ್ಣವಿದ್ದರೆ ದ್ರಾವಕ ಪ್ಲಾಸ್ಟಿಕನ್ನು ತಲುಪುವುದೇ ಇಲ್ಲ, ನೀವು ಅಂಟಿಸಿದ್ದು ಬಣ್ಣಕ್ಕೆ ಬಣ್ಣವನ್ನು. ಸೂಪರ್‌ಗ್ಲೂ ಕೂಡ ಅದೇ ಬಣ್ಣದ ಪದರವನ್ನು ಹಿಡಿದುಕೊಂಡಿತು, ಬಣ್ಣ ಹಲ್‌ನಿಂದ ಎದ್ದು ಬಂತು. ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಯನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಹೆಚ್ಚು, ಆದ್ದರಿಂದ ಅವರಿಗೆ ಆ ಕ್ರಮ ಒಗ್ಗುತ್ತದೆ. ಆಟದ ಟ್ಯಾಂಕನ್ನು ಒಂದು ಸಂಜೆಯಲ್ಲಿ ಹತ್ತಾರು ಬಾರಿ ಎತ್ತಿಡುತ್ತೇವೆ, ಎತ್ತುವಾಗ ಬೆರಳು ಹಿಡಿಯುವುದೂ ಟ್ರ್ಯಾಕಿನ ಬದಿಯನ್ನೇ. ಆದ್ದರಿಂದ ಇಲ್ಲಿ ಎಲ್ಲವನ್ನೂ ಕೂಡಿಸಿ ಆಮೇಲೆ ಬಣ್ಣ ಹಚ್ಚುವುದೇ ಮೇಲು.

ಕೂಡುವ ಜಾಗಗಳಲ್ಲಿರುವ ಬಣ್ಣವನ್ನೂ ಹಳೆಯ ಸೂಪರ್‌ಗ್ಲೂವನ್ನೂ ಬ್ಲೇಡಿನಿಂದ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಪ್ಲಾಸ್ಟಿಕ್ಕಿನ ಮೂಲಬಣ್ಣ ಕಾಣುವವರೆಗೆ ಸ್ವಚ್ಛಗೊಳಿಸಿ. ಬೇಗ ಮುಗಿಯಲೆಂದು ಅಸಿಟೋನ್ ಮಾತ್ರ ಬಳಸಬೇಡಿ, ಅದು ಸೂಪರ್‌ಗ್ಲೂ ಜೊತೆಗೆ ಟ್ಯಾಂಕನ್ನೂ ಕರಗಿಸುತ್ತದೆ. ಆಮೇಲೆ ಟ್ರ್ಯಾಕನ್ನು ಒಣಗಿದ್ದಾಗಲೇ ಅದರ ಜಾಗದಲ್ಲಿ ಹಿಡಿದು, ತೆಳುವಾದ ದ್ರವ ಸಿಮೆಂಟನ್ನು ಕುಂಚದಿಂದ ಸಂದಿಗೆ ಸೋಕಿಸಿದರೆ ಸಾಕು, ಅದು ತಾನಾಗಿಯೇ ಒಳಗೆ ಹರಿಯುತ್ತದೆ. ಕಿಟಕಿ ತೆರೆದಿರಲಿ. ಹೊರಗಿನ ಹಿಡಿತ ಕೆಲವು ನಿಮಿಷಗಳಲ್ಲಿ ಬಂದರೂ ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ.

ಅಲುಗಾಡುವ ಟ್ಯಾಂಕಿನಲ್ಲಿ ಎರಡು ಟ್ರ್ಯಾಕ್‌ಗಳು ಬೇರೆ ಬೇರೆ ಓರೆಯಲ್ಲಿ ಕುಳಿತಿರಬಹುದು. ಕೆಳಗಿನ ಹಲ್ ತಿರುಚಿಕೊಂಡಿದ್ದರೂ ಹೀಗಾಗಬಹುದು, ಅದನ್ನು ಮೊದಲು ಗಾಜಿನ ಹಲಗೆಯ ಮೇಲಿಟ್ಟು ಪರೀಕ್ಷಿಸಿ. ತಿರುಚಿದ್ದು ಹಲ್ ಆದರೆ ಕುದಿಯದ ಬಿಸಿನೀರಿನಲ್ಲಿ ತುಸು ಹೊತ್ತು ಮುಳುಗಿಸಿ, ನಿಧಾನವಾಗಿ ಬಾಗಿಸಿ, ನೇರವಾಗಿ ಹಿಡಿದುಕೊಂಡೇ ತಣ್ಣೀರಿಗೆ ಹಾಕಿ. ಹಲ್ ಸರಿಯಿದ್ದರೆ ಒಂದು ಟ್ರ್ಯಾಕನ್ನು ಬಿಡಿಸಿ ಮತ್ತೆ ಕೂಡಿಸುವುದೇ ದಾರಿ. ಮುಂದಿನ ಕಿಟ್‌ಗಳಲ್ಲಿ ಸಿಮೆಂಟ್ ಇನ್ನೂ ಮೆತ್ತಗಿರುವಾಗಲೇ ಟ್ಯಾಂಕನ್ನು ಗಾಜಿನ ಮೇಲೆ ಊರಿ, ಎರಡೂ ಬದಿಯ ಐದೈದು ಗಾಲಿಗಳು ಒಂದೇ ಮಟ್ಟಕ್ಕೆ ಬಂದ ಮೇಲೆ ಒಣಗಲು ಬಿಡಿ.

ಎರಡನೆಯ ಉತ್ತರ

ಮೇಲಿನದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಕೂಡಿಸಿ ಆಮೇಲೆ ಬಣ್ಣ ಹಚ್ಚಬೇಕೆಂಬುದು ನನಗೆ ಪೂರ್ತಿ ಹಿಡಿಸುವುದಿಲ್ಲ. ಟಿ-34ರ ಫೆಂಡರ್ (ಟ್ರ್ಯಾಕ್ ಮೇಲಿನ ಮುಚ್ಚಿಗೆ) ಅಡಿಗೆ, ಗಾಲಿಗಳ ಹಿಂದಕ್ಕೆ ಕುಂಚ ಹೋಗುವುದಿಲ್ಲ. ಕೂಡುವ ಜಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹಚ್ಚಿ, ಆಮೇಲೆ ಟೇಪ್ ಕಿತ್ತು ಜೋಡಿಸಬಹುದಲ್ಲ?

ಮುರಿದ ನಳಿಗೆಯ ಬಗ್ಗೆ: 76 ಮಿ.ಮೀ. ತೋಪಿನ ಬಾಯಿ 1:100ರಲ್ಲಿ ಮುಕ್ಕಾಲು ಮಿ.ಮೀ. ಮಾತ್ರ. ಅಷ್ಟು ತೆಳ್ಳಗಿನ ತುಂಡನ್ನು ತುದಿಗೆ ತುದಿ ಅಂಟಿಸಿದರೆ ಮುಂದಿನ ಆಟದಲ್ಲಿ ಮತ್ತೆ ಮುರಿಯುತ್ತದೆ. ನಳಿಗೆಯನ್ನು ಪೂರ್ತಿ ತೆಗೆದು, ಬುಡದಲ್ಲಿ ಕೈ ಡ್ರಿಲ್ಲಿನಿಂದ ರಂಧ್ರ ಕೊರೆದು, 1 ಮಿ.ಮೀ. ಹಿತ್ತಾಳೆಯ ಕಡ್ಡಿಯನ್ನು ಕೂರಿಸಿ. ಲೋಹಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹತ್ತುವುದಿಲ್ಲ, ಸೂಪರ್‌ಗ್ಲೂ ಬೇಕಾಗುವುದು ಇಲ್ಲೇ.

ಮೊದಲ ಉತ್ತರ ಕೊಟ್ಟವರು

ಟೇಪಿನ ದಾರಿ ಸರಿಯಾದದ್ದೇ, ತಾಳ್ಮೆಯಿದ್ದವರಿಗೆ. ಐದು ಟ್ಯಾಂಕುಗಳ ಅಷ್ಟೂ ಚಿಕ್ಕ ಜಾಗಗಳಿಗೆ ಟೇಪ್ ಕತ್ತರಿಸುವ ಬದಲು ನಾನು ಎಲ್ಲವನ್ನೂ ಕೂಡಿಸಿ, ಕಡುಕಂದು ಪ್ರೈಮರನ್ನು (ಬಣ್ಣಕ್ಕೆ ಮೊದಲು ಕೊಡುವ ತಳಪದರ) ಕೆಳಗಿನಿಂದ ಮೇಲಕ್ಕೆ ಸಿಂಪಡಿಸುತ್ತೇನೆ. ಹಲ್‌ನ ಉದ್ದವೇ ಸುಮಾರು 6 ಸೆಂ.ಮೀ. ಇರುವ ಟ್ಯಾಂಕಿನಲ್ಲಿ ಗಾಲಿಯ ಹಿಂದೆ ಉಳಿದ ಕಂದು ನೆರಳಿನಂತೆಯೂ ಕೆಸರಿನಂತೆಯೂ ಕಾಣುತ್ತದೆ.

ಪ್ರಶ್ನೆ ಕೇಳಿದವರು (ಎರಡು ವಾರಗಳ ನಂತರ)

ತಮ್ಮಿಬ್ಬರಿಗೂ ಧನ್ಯವಾದಗಳು. ಕೆರೆದು ಕೂಡಿಸಿದ ಟ್ರ್ಯಾಕ್‌ಗಳನ್ನು ಉಗುರಿನಿಂದ ಎಬ್ಬಿಸಲು ನೋಡಿದೆ, ಬರಲಿಲ್ಲ. ಹಿತ್ತಾಳೆಯ ನಳಿಗೆಯೂ ಚೆನ್ನಾಗಿ ಕುಳಿತಿದೆ. ಆದರೆ ಹೊಸ ತೊಂದರೆಯೊಂದು ಬಂದಿದೆ. ಒಂದು ಟ್ಯಾಂಕಿನ ಮೇಲಿನ ಹಲ್ ಕೆಳಗಿನದಕ್ಕೆ ಸರಿಯಾಗಿ ಕೂರದ ಕಾರಣ ರಬ್ಬರ್ ಬ್ಯಾಂಡ್ ಬಿಗಿದು ಅಂಟಿಸಿದ್ದೆ. ನಿನ್ನೆ ಎನಾಮೆಲ್ ವಾಶ್ (ಸಂದುಗಳಲ್ಲಿ ನೆರಳು ತೋರಿಸುವ ತೆಳು ಬಣ್ಣ) ಹಚ್ಚಿದ ಕೆಲವೇ ನಿಮಿಷಗಳಲ್ಲಿ ಆ ಸಂದಿನ ಉದ್ದಕ್ಕೂ ಸಣ್ಣ ಬಿರುಕುಗಳು ಬಿಟ್ಟವು. ಉಳಿದ ನಾಲ್ಕಕ್ಕೂ ಅದೇ ವಾಶ್ ಹಚ್ಚಿದ್ದೇನೆ, ಅವಕ್ಕೆ ಏನೂ ಆಗಿಲ್ಲ.

ಎರಡನೆಯ ಉತ್ತರ ಕೊಟ್ಟವರು

ಕಾರಣ ರಬ್ಬರ್ ಬ್ಯಾಂಡಿನಲ್ಲಿದೆ. ಬಲವಂತವಾಗಿ ಬಗ್ಗಿಸಿ ಅಂಟಿಸಿದ ಪ್ಲಾಸ್ಟಿಕ್ ಮೊದಲಿನ ಆಕಾರಕ್ಕೆ ಹೋಗಲು ಸದಾ ಎಳೆಯುತ್ತಿರುತ್ತದೆ. ಅಂಥ ಬಿಗಿತವಿರುವ ಜಾಗಕ್ಕೆ ಎನಾಮೆಲ್ ವಾಶ್‌ನಲ್ಲಿರುವ ಟರ್ಪೆಂಟೈನ್ ಅಥವಾ ವೈಟ್ ಸ್ಪಿರಿಟ್ ಇಳಿದರೆ ಪ್ಲಾಸ್ಟಿಕ್ ತಡೆಯಲಾರದೆ ಸೀಳುತ್ತದೆ. ಬಿಗಿತವಿಲ್ಲದ ನಾಲ್ಕು ಟ್ಯಾಂಕುಗಳು ಉಳಿದುಕೊಂಡದ್ದು ಅದಕ್ಕೇ. ಮೇಲಿನ ಹಲ್ ಯಾಕೆ ಕೂರಲಿಲ್ಲವೆಂದು ಒಳಗೆ ನೋಡಿ. ಸ್ಪ್ರೂನಿಂದ (ಕಿಟ್‌ನ ಭಾಗಗಳು ಕೂಡಿಕೊಂಡು ಬರುವ ಚೌಕಟ್ಟು) ಕತ್ತರಿಸಿದಾಗ ಉಳಿದ ಮೊಳೆಯೋ ಅಚ್ಚಿನ ಗೆರೆಯೋ ಅಡ್ಡ ಬಂದಿರುವ ಸಾಧ್ಯತೆ ಹೆಚ್ಚು, ಅರ ಹಾಕಿದರೆ ಹೋಗುತ್ತದೆ.

ಈಗಿನ ಬಿರುಕುಗಳಿಗೆ ವಾಶ್ ಪೂರ್ತಿ ಆರಿದ ಮೇಲೆ ಹಲ್ ಒಳಗಿನಿಂದ ತೆಳು ಸಿಮೆಂಟ್ ಒಂದೊಂದೇ ಹನಿ ಬಿಡಿ. ಟರೆಟ್ (ತೋಪಿರುವ ತಿರುಗು ಗೋಪುರ) ಎತ್ತಿದರೆ ಅದರ ರಂಧ್ರದ ಮೂಲಕ ಕುಂಚ ಒಳಗೆ ಹೋಗುತ್ತದೆ. ಧಾರಾಳವಾಗಿ ಸುರಿಯಬೇಡಿ, ಮುಚ್ಚಿದ ಹಲ್ ಒಳಗೆ ನಿಂತ ದ್ರಾವಕ ಗೋಡೆಯನ್ನೇ ಮೆತ್ತಗೆ ಮಾಡಿ ಹೊರಗೆ ಗುಳಿ ಬೀಳಿಸುತ್ತದೆ. ಮುಂದಿನ ಬಾರಿ ವಾಶ್‌ಗೆ ಮೊದಲು ಅಕ್ರಿಲಿಕ್ ವಾರ್ನಿಶ್ ಒಂದು ಪದರ ಕೊಡಿ, ಸಂದುಗಳ ಮೇಲೆ ಎರಡು. ಅದೂ ಬೇಡವೆಂದರೆ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾಶ್ ಇದ್ದೇ ಇದೆ. ಒರೆಸಿ ತಿದ್ದಲು ಎನಾಮೆಲ್ಲಿನಷ್ಟು ಸಮಯ ಕೊಡುವುದಿಲ್ಲ, ಅಷ್ಟೇ.

ಪ್ರಶ್ನೆ ಕೇಳಿದವರು

ಒಳಗೆ ನೋಡಿದೆ. ಮುಂಭಾಗದ ಎಡಮೂಲೆಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಸ್ಪ್ರೂ ಮೊಳೆ ಉಳಿದಿತ್ತು.