ಶಿವಮೊಗ್ಗ: ರೌಂಡಬೌಟ್ ಬರೆದ ಮೇಲೆ ಎಕ್ಸಿಟ್ ಲೆಕ್ಕ ತಪ್ಪುತ್ತಿದೆ

ತುಂಗಾದಡ:
ವಿನೋಬನಗರದ ಕಡೆಯ ಒಂದು ಸರ್ಕಲ್, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಷ್ಟು ದಿನ ನಾಲ್ಕು ರಸ್ತೆ ಕೂಡುವ ಚುಕ್ಕಿ ಮಾತ್ರ ಆಗಿತ್ತು. ನಡುವೆ ಎತ್ತರದ ಕಟ್ಟೆ ಇದೆ, ಸುತ್ತು ಹಾಕಿಯೇ ಹೋಗಬೇಕು. ಮೊನ್ನೆ ಆ ನಕ್ಷೆ ತಿದ್ದುವ ಐಡಿ ಎಡಿಟರ್‌ನಲ್ಲಿ ಸುತ್ತು ಬರೆದು ಜಂಕ್ಷನ್=ರೌಂಡಬೌಟ್ ಅನ್ನುವ ಟ್ಯಾಗ್ (ಗುರುತು) ಹಾಕಿದೆ. ಈಗ ನಕ್ಷೆಯ ರೂಟಿಂಗ್ (ದಾರಿ ಹೇಳುವ ವ್ಯವಸ್ಥೆ) ಎಡಕ್ಕೆ ತಿರುಗುವವರನ್ನು ಬಲಗಡೆಯಿಂದ ಮುಕ್ಕಾಲು ಸುತ್ತಿಸುತ್ತಿದೆ. ನೇರ ಹೋಗುವವರಿಗೆ ‘ಮೂರನೇ ಎಕ್ಸಿಟ್’ (ಸುತ್ತಿನಿಂದ ಹೊರಬೀಳುವ ದಾರಿ) ಅನ್ನುತ್ತೆ, ಸ್ಥಳದಲ್ಲಿ ನಿಂತು ಎಣಿಸಿದರೆ ಎರಡನೆಯದು. ಹೊರಊರಿಂದ ರಾತ್ರಿ ಹೊತ್ತು ಮೆಗ್ಗಾನ್ ಆಸ್ಪತ್ರೆ ಹುಡುಕಿಕೊಂಡು ಬರುವವರು ಇದನ್ನೇ ನಂಬುತ್ತಾರೆ. ದಯವಿಟ್ಟು ಬೇಗ ಹೇಳಿ.

ಘಟ್ಟದದಾರಿ:
ಎಡದ ತೊಂದರೆಗೆ ಕಾರಣ ಗೆರೆಯ ದಿಕ್ಕು. ನಮ್ಮಲ್ಲಿ ವಾಹನ ಎಡಕ್ಕೆ ಓಡುವುದರಿಂದ ಸುತ್ತು ಪ್ರದಕ್ಷಿಣೆಯಾಗಿ ಇರಬೇಕು, ನಿಮ್ಮದು ಅಪ್ರದಕ್ಷಿಣೆ ಆಗಿದೆ. ಬಲಗಡೆ ಓಡಿಸುವ ದೇಶದವರ ವಿಡಿಯೊ ನೋಡಿ ಕಲಿತವರಿಗೆ ಹೀಗಾಗುವುದು ಸಹಜ. ಸುತ್ತನ್ನು ಆರಿಸಿ ‘ವಿ’ ಕೀ ಒತ್ತಿ, ತಿರುಗುತ್ತೆ. ಈ ಟ್ಯಾಗ್ ಇದ್ದರೆ ಒನ್‌ವೇ ಅಂತ ಬೇರೆ ಹಾಕಬೇಕಿಲ್ಲ, ಗೆರೆ ಬರೆದ ದಿಕ್ಕೇ ವಾಹನದ ದಿಕ್ಕು. ಆಕಾರ ಸೊಟ್ಟಗಿದ್ದರೆ ‘ಓ’ ಒತ್ತಿದರೆ ದುಂಡಗಾಗುತ್ತೆ.

ತುಂಗಾದಡ:
ಸರ್, ಎಡದ್ದು ಸರಿಹೋಯ್ತು. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಎರಡನೇ ಎಕ್ಸಿಟ್ ಅಂತಲೇ ಬರುತ್ತಿದೆ. ಆದರೆ ಅದೇ ದಾರಿಯಲ್ಲಿ ವಾಪಸ್ ಬಂದರೆ ಈಗ ಮೂರನೆಯದು ಅನ್ನುತ್ತೆ!

ಘಟ್ಟದದಾರಿ:
ಪೂರ್ವದ ರಸ್ತೆಗೆ ಡಿವೈಡರ್ ಇದೆಯಾ? ಇದ್ದರೆ ತಪ್ಪು ಅಲ್ಲೇ ಇದೆ. ಸುತ್ತಿನಿಂದ ಹೊರಗೆ ಹೋಗಲು ಸಾಧ್ಯವಿರುವ ಪ್ರತಿ ಕೂಡುಬಿಂದುವನ್ನೂ ರೂಟಿಂಗ್ ಒಂದು ಎಕ್ಸಿಟ್ ಅಂತ ಎಣಿಸುತ್ತೆ. ಡಿವೈಡರ್ ರಸ್ತೆ ಎರಡು ಗೆರೆಯಾಗಿ ಎರಡು ಕಡೆ ಬಂದು ಸೇರುತ್ತೆ. ಒಳಬರುವ ಗೆರೆಗೆ ಒನ್‌ವೇ ಹಾಕದಿದ್ದರೆ ಅಲ್ಲಿಂದಲೂ ಹೊರಗೆ ಹೋಗಬಹುದು ಅಂತ ಅದು ತಿಳಿಯುತ್ತೆ, ಒಂದು ಎಕ್ಸಿಟ್ ಜಾಸ್ತಿ ಆಗುತ್ತೆ. ಮೊದಲು ಸುತ್ತು ಉಲ್ಟಾ ಇದ್ದಾಗ ಉತ್ತರಕ್ಕೆ ಹೋಗುವವರು ಪೂರ್ವದ ರಸ್ತೆ ದಾಟುತ್ತಿದ್ದರು. ಈಗ ದಕ್ಷಿಣಕ್ಕೆ ಬರುವವರು ದಾಟುತ್ತಾರೆ. ಅದಕ್ಕೇ ತಪ್ಪು ಈ ಕಡೆಯಿಂದ ಆ ಕಡೆಗೆ ಹೋಗಿದ್ದು.

ಒಳಬರುವ ಗೆರೆಯ ಬಾಣ ಸುತ್ತಿನ ಕಡೆಗೆ, ಹೊರಹೋಗುವುದರ ಬಾಣ ಆಚೆಗೆ ಇರಲಿ, ಎರಡಕ್ಕೂ ಒನ್‌ವೇ=ಯೆಸ್ ಹಾಕಿ. ಯಾವ ರಸ್ತೆಯೂ ಕಟ್ಟೆಯ ಮೇಲೆ ಹಾದು ನಡುವಿನ ಹಳೇ ಚುಕ್ಕಿಗೆ ಸೇರಿರಬಾರದು, ಎಲ್ಲವೂ ಸುತ್ತಿನ ಅಂಚಿಗೇ ನಿಲ್ಲಬೇಕು. ರಸ್ತೆ ತುಂಡು ಮಾಡುವಾಗ ಅದರ ಮೇಲೆ ಬಸ್ ಮಾರ್ಗದ ರಿಲೇಶನ್ (ರಸ್ತೆ ತುಂಡುಗಳನ್ನು ಒಂದು ಮಾರ್ಗವಾಗಿ ಪೋಣಿಸಿದ ಪಟ್ಟಿ) ಇದೆಯಾ ನೋಡಿ, ನಡುವೆ ಕೊಂಡಿ ಕಳಚಿದರೆ ಇಡೀ ಮಾರ್ಗ ಹರಿದುಹೋಗುತ್ತೆ. ಇದನ್ನು ಜನ ಮರೆಯುವುದೇ ಹೆಚ್ಚು.

ಅಡಿಕೆಸಾಲು:
ಇನ್ನೊಂದು ಮಾತು ಮಾರಾಯ್ರೆ. ನಮ್ಮೂರಲ್ಲಿ ನಾಲ್ಕು ದಾರಿ ಕೂಡಿದರೆ ಸಾಕು, ಸರ್ಕಲ್ ಅಂತೀವಿ. ಹೆಸರಿದ್ದ ಮಾತ್ರಕ್ಕೆ ದುಂಡಗೆ ಬರೆಯಬೇಡಿ. ಪ್ರತಿಮೆ ರಸ್ತೆಯ ಪಕ್ಕದಲ್ಲಿದ್ದರೆ ಅದು ಬರೀ ಕೂಡುರಸ್ತೆ, ಆ ಚುಕ್ಕಿಗೆ ಹೆಸರು ಕೊಟ್ಟರೆ ಮುಗೀತು. ನಡುವೆ ಲಾರಿ ಹತ್ತಿಕೊಂಡು ಹೋಗಬಹುದಾದ ಬಣ್ಣದ ಗುರುತಷ್ಟೇ ಇದ್ದರೆ ಮಿನಿ ರೌಂಡಬೌಟ್, ಅದಕ್ಕೆ ಒಂದು ನೋಡ್ (ಚುಕ್ಕಿ) ಸಾಕು, ಡೈರೆಕ್ಷನ್=ಕ್ಲಾಕ್‌ವೈಸ್ ಸೇರಿಸಿ. ಸುತ್ತು ಇದ್ದೂ ಒಳಗಿರುವವರಿಗೆ ಆದ್ಯತೆ ಇಲ್ಲದ ಕಡೆ ಜಂಕ್ಷನ್=ಸರ್ಕ್ಯುಲರ್ ಹಾಕಿ, ಅಲ್ಲಿ ಒನ್‌ವೇ ಕೂಡ ಬರೆಯಿರಿ. ಮರಗಳ ಕೆಳಗೆ ಜಿಪಿಎಸ್ ಗೆರೆ ಅಲ್ಲಾಡುತ್ತೆ, ಉಪಗ್ರಹ ಚಿತ್ರವೂ ಕೆಲವು ಮೀಟರ್ ಸರಿದಿರಬಹುದು. ಎರಡು ಮೂರು ಸಲ ಓಡಾಡಿದ ಗೆರೆಗಳನ್ನು ಹೋಲಿಸಿ ಚಿತ್ರವನ್ನು ಹೊಂದಿಸಿಕೊಳ್ಳಿ.

ತುಂಗಾದಡ:
ಡಿವೈಡರ್ ಇದ್ದಿದ್ದು ಪೂರ್ವದ ರಸ್ತೆಗೇ. ಒಳಬರುವ ಗೆರೆಗೆ ಒನ್‌ವೇ ಬಿಟ್ಟುಹೋಗಿತ್ತು, ಹಾಕಿದೆ. ಜಾಲತಾಣದ ರೂಟಿಂಗ್ ಹೊಸ ನಕ್ಷೆ ತೆಗೆದುಕೊಂಡ ಮೇಲೆ ನಾಲ್ಕೂ ಕಡೆಯಿಂದ ನೋಡಿದೆ, ಲೆಕ್ಕ ಸರಿ ಬಂತು. ಫೋನಿನಲ್ಲಿ ಇನ್ನೂ ಹಳೆಯದೇ ತೋರಿಸುತ್ತಿದೆ.

ಘಟ್ಟದದಾರಿ:
ಫೋನಿನಲ್ಲಿ ಇಳಿಸಿಕೊಂಡ ನಕ್ಷೆ ತಾನಾಗಿ ಬದಲಾಗಲ್ಲ. ಆ್ಯಪ್‌ನವರು ಹೊಸ ನಕ್ಷೆ ಬಿಟ್ಟಾಗ ಮತ್ತೆ ಇಳಿಸಿಕೊಳ್ಳಿ. ಅಷ್ಟರಲ್ಲಿ ಬಸ್ ಮಾರ್ಗದ್ದು ನೋಡಿದಿರಾ?

ತುಂಗಾದಡ:
ಒಂದು ಕಡೆ ಕೊಂಡಿ ಕಳಚಿತ್ತು ಸರ್. ಸುತ್ತಿನ ತುಂಡನ್ನು ಸೇರಿಸಿ ಜೋಡಿಸಿದೆ.