ಸಹಾಯ ಬೇಕು: ಸರಕು ಹಡಗಿನ ಸರ್ವೆ (ಸುರಕ್ಷತಾ ತಪಾಸಣೆ) ಗೊತ್ತಿರುವವರು ಇದ್ದೀರಾ?

ನಮಸ್ಕಾರ, ನಾನು ಸಕಲೇಶಪುರದವನು. ನನ್ನ ತಮ್ಮ ಮಂಗಳೂರಿನಲ್ಲಿ ಸ್ನೇಹಿತರ ಜೊತೆ ಸೇರಿ 450 ಗ್ರಾಸ್ ಟನ್ನಿನ (ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಹಳೇ ಸರಕು ಹಡಗು ಕೊಳ್ಳಲು ಹೊರಟಿದ್ದಾನೆ. ಲಕ್ಷದ್ವೀಪಕ್ಕೆ ಓಡಿಸುತ್ತಾರಂತೆ.

ಸೋಲಾಸ್ (ಸಮುದ್ರದಲ್ಲಿ ಜೀವ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಓದಿದೆ. ವಿದೇಶಕ್ಕೆ ಹೋಗುವ ಸರಕು ಹಡಗು 500 ಗ್ರಾಸ್ ಟನ್ ಅಥವಾ ಜಾಸ್ತಿ ಇದ್ದರೆ ಕಟ್ಟೋಣಕ್ಕೆ, ಸುರಕ್ಷತಾ ಸಲಕರಣೆಗೆ ಸರ್ಟಿಫಿಕೇಟ್ ಬೇಕು, ರೇಡಿಯೋಗೆ 300 ಟನ್ನಿಂದಲೇ ಬೇಕು, ಪ್ರತಿ ವರ್ಷ ಸರ್ವೆ, ಐದು ವರ್ಷದಲ್ಲಿ ಕನಿಷ್ಠ ಎರಡು ಸಲ ತಳದ ತಪಾಸಣೆ ಕೂಡ ಆಗಬೇಕು. ನಮ್ಮದು ದೇಶದೊಳಗಿನ ಓಡಾಟ, ಅದಕ್ಕೆ ಯಾವ ಸರ್ವೆ?

ಮಾರುವವರು 'ಇದಕ್ಕೆ ವಿನಾಯಿತಿ ಇದೆ' ಅನ್ನುತ್ತಾರೆ, ಕಾಗದ ತೋರಿಸುತ್ತಿಲ್ಲ. ವಿನಾಯಿತಿಗೂ ಬೇರೆ ಸರ್ಟಿಫಿಕೇಟ್ ಇರುತ್ತೆ, ಅದಕ್ಕೂ ಅವಧಿ ಇರುತ್ತೆ ಅಲ್ವಾ? ಸುಮ್ನೆ ಬಾಯಿಮಾತು ನಂಬಲು ಭಯ, ಅದರಲ್ಲಿ ಹೋಗುವ ಹುಡುಗರ ಜೀವದ ವಿಷಯ. ಮುಂಗಡ ಕೊಡುವ ಮೊದಲು ಯಾವ ಯಾವ ಕಾಗದ ಕೇಳಬೇಕು? ಹಾಸನದ ಕಡೆ ಮರ್ಚೆಂಟ್ ನೇವಿಯಲ್ಲಿದ್ದವರು ದಯವಿಟ್ಟು ತಿಳಿಸಿ.